ಗಂಡುಮಕ್ಕಳ ಡೇ ಸ್ಕೂಲ್: ನನ್ನತ್ರ ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಮುಗೀತು ಅಂದ್ರೆ ಸಾಕು, ನನ್ನ ಫೋನಿಗೆ ಪುರ್ಸೊತ್ತಿಲ್ಲ. "ಅಕ್ಕಾ ಒಂದು ಡೌಟ್ ಉಂಟು", "ಫಾರ್ಮ್ ಯಾವಾಗ ಕೊಡ್ತಾರೆ ಅಕ್ಕಾ", ಪುತ್ತೂರಿನ ಚಿಕ್ಕಮ್ಮನ ಸೊಸೆಯಿಂದ ಹಿಡಿದು ಮಸ್ಕತ್ತಿಂದ ವಾಪಸ್ ಬರುವ ನಮ್ಮವರ ಫ್ರೆಂಡ್ ತನಕ ಎಲ್ರದ್ದೂ ಅದೇ ಪ್ರಶ್ನೆಗಳು. ನನ್ನ ಇಬ್ರು ಗಂಡುಮಕ್ಳು ಮಂಗಳೂರಿನ ಕದ್ರಿ ಗುಡ್ಡೆ ಬದಿಯ ಒಂದು ಪ್ರೈವೇಟ್ ಶಾಲೆಗೆ ಹೋಗುದು. ಹುಡುಗರಿಗೆ ಮಾತ್ರ ಇರುವ ಶಾಲೆ, ಎಲ್‌ಕೆಜಿಯಿಂದ ಏಳನೇವರೆಗೆ, ಹಾಸ್ಟೆಲ್ ಇಲ್ಲ, ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುದು. ದೊಡ್ಡವ ಆರನೇ, ಸಣ್ಣವ ಎರಡನೇ. ಶಾಲೆ ಹೆಸರು ಹಾಕುದಿಲ್ಲ, ಹೊಗಳಿದ್ರೆ ಜಾಹೀರಾತು ಅಂತೀರಿ, ಬೈದ್ರೆ ನಾಳೆ ಬೆಳಿಗ್ಗೆ ಗೇಟಲ್ಲಿ ಪ್ರಿನ್ಸಿಪಾಲರ ಮುಖ ನೋಡ್ಲಿಕ್ಕುಂಟು ನಂಗೆ. ಪ್ರತಿಯೊಬ್ರಿಗೂ ವಾಯ್ಸ್ ಮೆಸೇಜ್ ಕಳಿಸಿ ಕಳಿಸಿ ಗಂಟಲು ಹೋಯ್ತು, ಹಾಗಾಗಿ ಒಂದೇ ಸಲ ಇಲ್ಲಿ ಬರ್ದು ಬಿಡ್ತೇನೆ.

ಈ ಕಾಲದಲ್ಲೂ ಹುಡುಗರಿಗೆ ಮಾತ್ರ ಶಾಲೆ ಯಾಕೆ ಮಾರಾಯ್ರೆ?

ನಂಗೂ ಮೊದ್ಲು ಹಾಗೇ ಅನ್ಸಿತ್ತು. ಆದ್ರೆ ನಮ್ಮ ಊರಿಗೆ ಇದು ಹೊಸತಲ್ಲ. 1880ರಲ್ಲಿ ಜೆಸ್ವಿಟ್ ಪಾದ್ರಿಗಳು ಕೊಡಿಯಾಲ್‌ಬೈಲಲ್ಲಿ ಸಂತ ಅಲೋಶಿಯಸ್ ಶುರು ಮಾಡಿದ್ದು ಹುಡುಗರಿಗೇ. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲ್ ಮಾಡಿದ್ರು, ಮೂರು ವರ್ಷ ಬಿಟ್ಟು 1894ರಲ್ಲಿ ಹುಡುಗಿಯರಿಗೆ ಅಂತ ಬೇರೆಯೇ ಶಾಲೆ ಮಾಡಿದ್ರು. ಆಗ ಹುಡುಗಿಯರನ್ನು ಮನೆಯಿಂದ ಹೊರಗೆ ಕಳಿಸುದೇ ದೊಡ್ಡ ವಿಷಯ, ಬೇರೆ ಶಾಲೆ ಇಲ್ಲದಿದ್ರೆ ಕಳಿಸ್ತಾನೇ ಇರ್ಲಿಲ್ಲ. ಈಗ ಆ ಕಾರಣ ಉಳಿದಿಲ್ಲ, ಪದ್ಧತಿ ಅಲ್ಲಲ್ಲಿ ಉಳಿದಿದೆ ಅಷ್ಟೆ.

ಲಾಭ ಎಂತ ಅಂತ ಕೇಳಿದ್ರೆ, ನಾನು ಕಂಡದ್ದು ಹೇಳ್ತೇನೆ. ನಮ್ಮ ದೊಡ್ಡವ ನಾಟಕದಲ್ಲಿ ಸೀತೆ ಆಗಿದ್ದಾನೆ, ಅಡುಗೆ ಕ್ಲಾಸಲ್ಲಿ ಕೋಸಂಬರಿ ಮಾಡಿದ್ದಾನೆ, ಕ್ಲಾಸ್ ಗುಡಿಸುದು, ಬೋರ್ಡಿಗೆ ರಂಗೋಲಿ ಬಿಡಿಸುದು, ಹಾಡು ಹೇಳುದು ಎಲ್ಲ ಅವರೇ. "ಅದು ಹುಡುಗಿಯರ ಕೆಲಸ" ಅಂತ ಹೇಳ್ಲಿಕ್ಕೆ ಅಲ್ಲಿ ಹುಡುಗಿಯರೇ ಇಲ್ಲ ಅಲ್ವಾ! ನಷ್ಟವೂ ಉಂಟು. ಐದನೇಗೆ ಬರುವಾಗ ಹುಡುಗಿಯರನ್ನು ಕಂಡ್ರೆ ಒಂಥರಾ ನಾಚಿಕೆ, ಇಲ್ಲದಿದ್ರೆ ಬೇಡದ ತಮಾಷೆ. ನಮ್ಮ ಮನೇಲಿ ಅತ್ತಿಗೆಯ ಹೆಣ್ಣುಮಕ್ಳು ವಾರಕ್ಕೊಂದ್ಸಲ ಬಂದು ಇವರ ತಲೆಗೆ ಮೊಟಕಿ ಹೋಗ್ತಾರೆ, ಹಾಗಾಗಿ ನಮ್ಗೆ ನಡೀತದೆ. ಫ್ಲಾಟಲ್ಲಿ ಒಬ್ನೇ ಮಗ, ಅಕ್ಕಪಕ್ಕದವರ ಪರಿಚಯ ಇಲ್ಲ, ಕಸಿನ್ಸ್ ಎಲ್ಲ ಅಮೆರಿಕದಲ್ಲಿ ಅನ್ನುವವರು ಎರಡು ಸಲ ಯೋಚನೆ ಮಾಡಿ.

ಎಷ್ಟು ವರ್ಷ ತುಂಬಿರ್ಬೇಕು?

ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ. ಅದರ ಪ್ರಕಾರ ಎಲ್‌ಕೆಜಿಗೆ 4, ಯುಕೆಜಿಗೆ 5. ಸರ್ಕಾರ ಇದನ್ನು 2022ರಲ್ಲೇ ಆರ್ಡರ್ ಮಾಡಿತ್ತು, ಜಾರಿಗೆ ತರುವಾಗ ಪೇರೆಂಟ್ಸ್ ಎಲ್ಲ ಗಲಾಟೆ ಮಾಡಿದ್ರಿಂದ 2025-26ಕ್ಕೆ ಒಂದು ವರ್ಷದ ಮಟ್ಟಿಗೆ ಮಾತ್ರ 5 ವರ್ಷ 5 ತಿಂಗಳು ಅಂತ ಸಡಿಲ ಮಾಡಿದ್ರು. ಜುಲೈ, ಆಗಸ್ಟಲ್ಲಿ ಹುಟ್ಟಿದ ಮಕ್ಳ ಅಮ್ಮಂದಿರು "ಒಂದು ವರ್ಷ ವೇಸ್ಟ್ ಆಯ್ತು" ಅಂತ ಅಳುದು ನಾನು ಪ್ರತಿ ವರ್ಷ ನೋಡ್ತೇನೆ. ಏನೂ ವೇಸ್ಟ್ ಆಗುದಿಲ್ಲ. ನಮ್ಮ ಸಣ್ಣವ ಕ್ಲಾಸಲ್ಲೇ ದೊಡ್ಡವರ ಪೈಕಿ, ಶರ್ಟಿನ ಬಟನ್ ತಾನೇ ಹಾಕ್ತಾನೆ, ಬಾತ್ರೂಮಿಗೆ ಹೋಗಿ ತಾನೇ ಪ್ಯಾಂಟಿನ ಜಿಪ್ ಎಳ್ಕೊಂಡು ಬರ್ತಾನೆ. ಗಂಡುಮಕ್ಕಳಿಗೆ ಎಲ್‌ಕೆಜಿಯಲ್ಲಿ ಎಬಿಸಿಡಿಗಿಂತ ದೊಡ್ಡ ಪರೀಕ್ಷೆ ಆ ಜಿಪ್ಪು, ನೆನಪಿಡಿ, ಎಲಾಸ್ಟಿಕ್ ಚಡ್ಡಿ ಹಾಕಿಸ್ಲಿಕ್ಕೆ ಆಗ್ತದಾ ಅಂತ ಮೊದ್ಲೇ ಕೇಳಿ.

ಮಗುವಿಗೆ ಇಂಟರ್‌ವ್ಯೂ ಉಂಟಾ? ನಮ್ಗೂ ಉಂಟಾ?

ಕಾನೂನು ಪ್ರಕಾರ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅಡ್ಮಿಷನ್ನಿಗೆ ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಪರೀಕ್ಷೆ ಮಾಡ್ಬಾರ್ದು ಅಂತ ಸ್ಪಷ್ಟವಾಗಿ ಉಂಟು, ಮೊದಲ ಸಲ ಮಾಡಿದ್ರೆ 25 ಸಾವಿರ ತನಕ ದಂಡ, ಆಮೇಲೆ ಪ್ರತಿ ಸಲಕ್ಕೂ 50 ಸಾವಿರ ತನಕ. ಆದ್ರೆ "ಇಂಟರ್‌ವ್ಯೂ" ಅಂತ ಯಾರೂ ಹೇಳುದಿಲ್ಲ, "ಇಂಟರಾಕ್ಷನ್" ಅಂತ ಹೇಳ್ತಾರೆ. ಒಂದು ಕಡೆ ನಮ್ಮ ದೊಡ್ಡವನಿಗೆ ಬಾಳೆಹಣ್ಣಿನ ಚಿತ್ರ ತೋರ್ಸಿ "ವಾಟ್ ಈಸ್ ದಿಸ್" ಅಂತ ಕೇಳಿದ್ರು, ಅವ "ಕದಳಿ" ಅಂದ. ಮಿಸ್ ನನ್ನ ಮುಖ ನೋಡಿದ್ರು, ನಾನು ಕಿಟಕಿ ನೋಡಿದೆ. ಆ ಶಾಲೆಯಲ್ಲಿ ಸೀಟ್ ಸಿಗ್ಲಿಲ್ಲ ಬಿಡಿ. ಈಗಿನ ಶಾಲೆಯ ಮಿಸ್ಸಿಗೂ ಅವ ಕದಳಿ ಅಂತಲೇ ಹೇಳಿದ್ದು, ಅವರು "ಹೌದಾ, ನಮ್ಮ ಮನೇಲೂ ಉಂಟು, ನಿಂಗೆ ಪುಟ್ಟುಬಾಳೆ ಇಷ್ಟವಾ ಕದಳಿ ಇಷ್ಟವಾ" ಅಂತ ಕೇಳಿದ್ರು. ಅಲ್ಲಿಗೇ ಸೇರ್ಸಿದ್ದು.

ಫೀಸ್ ಎಷ್ಟು? ಡೊನೇಷನ್ ಕೊಡ್ಬೇಕಾ?

ಒಂದು ಲೆಕ್ಕ ಹೇಳಿದ್ರೆ ನಾಳೆ ಇನ್ನೊಬ್ರು ಬಂದು ನನ್ನತ್ರ ಜಗಳ ಮಾಡ್ತಾರೆ, ಶಾಲೆಯಿಂದ ಶಾಲೆಗೆ ಅಷ್ಟು ವ್ಯತ್ಯಾಸ ಉಂಟು. ಹೇಗೆ ಕೇಳ್ಬೇಕು ಅಂತ ಮಾತ್ರ ಹೇಳ್ತೇನೆ. "ವರ್ಷದ ಫೀಸ್ ಎಷ್ಟು" ಅಂತ ಕೇಳ್ಬೇಡಿ, "ಕಳೆದ ವರ್ಷ ಎರಡನೇ ಕ್ಲಾಸಿನ ಮಗುವಿನ ಅಪ್ಪ ಜೂನಿಂದ ಮಾರ್ಚ್ ತನಕ ಒಟ್ಟು ಎಷ್ಟು ಕಟ್ಟಿದ್ರು" ಅಂತ ಕೇಳಿ. ಟ್ಯೂಷನ್ ಫೀಸ್ ಒಂದು, ಅದರ ಮೇಲೆ ಬುಕ್ಸ್, ಎರಡು ಜೊತೆ ಯುನಿಫಾರ್ಮ್, ಹೌಸ್ ಕಲರಿನ ಟೀ ಶರ್ಟು, ಪಿಟಿಯ ಬಿಳಿ ಶೂ, ಆ್ಯಪಿನ ಚಾರ್ಜು, ಸ್ಮಾರ್ಟ್ ಕ್ಲಾಸು, ಸ್ಕೂಲ್ ಡೇಗೆ ಡ್ರೆಸ್ ಬಾಡಿಗೆ, ಟ್ರಿಪ್ಪು. ಸ್ಕೂಲ್ ಡೇಯಲ್ಲಿ ಮೂರು ನಿಮಿಷದ ಡ್ಯಾನ್ಸಿಗೆ ನಮ್ಮವ ಮರ ಆಗಿ ನಿಂತಿದ್ದ, ಆ ಹಸಿರು ಬಟ್ಟೆಯ ಬಾಡಿಗೆ ಕೊಟ್ಟ ದಿನ ನಮ್ಮವರು ರಾತ್ರಿ ಊಟ ಮಾಡ್ಲಿಲ್ಲ.

ಡೊನೇಷನ್ ಅಂತ ಕೇಳುದು ತಪ್ಪು, ಶಿಕ್ಷಣ ಹಕ್ಕು ಕಾಯ್ದೆಯಲ್ಲೂ ಉಂಟು, ಕರ್ನಾಟಕದಲ್ಲಿ ಕ್ಯಾಪಿಟೇಷನ್ ಫೀಸ್ ನಿಷೇಧ ಮಾಡಿದ್ದು 1984ರಷ್ಟು ಹಿಂದೆ. ಕಟ್ಟಿದ ಪ್ರತಿ ರೂಪಾಯಿಗೂ ಶಾಲೆ ಹೆಸರಿನ ರಶೀದಿ ತಗೊಳ್ಳಿ. ರಶೀದಿ ಇನ್ನೊಂದಕ್ಕೂ ಬೇಕು, ಹಳೇ ಟ್ಯಾಕ್ಸ್ ಪದ್ಧತಿಯಲ್ಲಿ ಇರುವವರಿಗೆ ಇಬ್ರು ಮಕ್ಕಳ ತನಕ ಟ್ಯೂಷನ್ ಫೀಸಿಗೆ ವಿನಾಯಿತಿ ಸಿಗ್ತದೆ, ಎಲ್ಲ ಸೇರಿ ಇರುವ ಒಂದೂವರೆ ಲಕ್ಷದ ಮಿತಿಯ ಒಳಗೆ. ಬಸ್ಸಿನ ದುಡ್ಡು, ಡೆವಲಪ್‌ಮೆಂಟ್ ಫೀಸು ಅದರಲ್ಲಿ ಬರುದಿಲ್ಲ. ಹೊಸ ಪದ್ಧತಿಯವರಿಗೆ ಏನೂ ಇಲ್ಲ.

ಆರ್‌ಟಿಇ ಸೀಟ್ ಸಿಗ್ತದಾ?

ಸಿಟಿಯಲ್ಲಿ ಆಸೆ ಇಟ್ಕೊಳ್ಬೇಡಿ. ಆರ್‌ಟಿಇ ಅಂದ್ರೆ ಮೇಲೆ ಹೇಳಿದ ಶಿಕ್ಷಣ ಹಕ್ಕು ಕಾಯ್ದೆ, ಮೊದ್ಲು ಪ್ರೈವೇಟ್ ಶಾಲೆಗಳಲ್ಲಿ ನೂರಕ್ಕೆ 25 ಸೀಟ್ ಅದರಡಿ ಬಡ, ಹಿಂದುಳಿದ ಮನೆಯ ಮಕ್ಕಳಿಗೆ ಪುಕ್ಕಟೆ ಇರ್ತಿತ್ತು. 2019ರಿಂದ ಕರ್ನಾಟಕದಲ್ಲಿ ನಿಯಮ ಬದ್ಲಾಯ್ತು, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಅಲ್ಲಿಗೇ ಹೋಗ್ಬೇಕು, ಇಲ್ಲದಿದ್ರೆ ಮಾತ್ರ ಪ್ರೈವೇಟಲ್ಲಿ. ಮಂಗಳೂರು ಸಿಟಿಯಲ್ಲಿ ಸರ್ಕಾರಿಯೋ ಅನುದಾನಿತವೋ ಯಾವ್ದಾದ್ರೂ ಒಂದು ಹತ್ತಿರ ಇದ್ದೇ ಇರ್ತದೆ. ಮತ್ತೆ ನಮ್ಮ ಊರಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆ ಜಾಸ್ತಿ, ಅವಕ್ಕೆ ಆ ಕಾಯ್ದೆಯೇ ಅನ್ವಯ ಇಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ನಾನೇ ಸರ್ಕಾರಿ ಕನ್ನಡ ಶಾಲೆಯಲ್ಲಿ ಕಲ್ತವಳು, ಹಾಗಾಗಿ ಇದನ್ನು ಬರೆಯುವಾಗ ಒಂಥರಾ ಆಗ್ತದೆ. ಕುದ್ಮುಲ್ ರಂಗರಾಯರು 1892ರಲ್ಲಿ ಜಾತಿಯವರ ಬೈಗುಳ ತಿಂದು ದಲಿತ ಮಕ್ಕಳಿಗೆ ಶಾಲೆ ತೆರೆದ ಊರು ಇದು. ನಮ್ಮ ಗೇಟಿನ ಹೊರಗೆ ಹಣ್ಣು ಮಾರುವವರ ಮಗ ನಮ್ಮ ಸಣ್ಣವನದ್ದೇ ಪ್ರಾಯದವ, ಬೇರೆ ಶಾಲೆಗೆ ಹೋಗ್ತಾನೆ. ಇಬ್ರೂ ಫ್ರೆಂಡ್ಸ್, ಗೇಟಿನ ಸರಳಿನ ಎಡೆಯಲ್ಲಿ ಡಬ್ಲ್ಯುಡಬ್ಲ್ಯುಇ ಕಾರ್ಡ್ ಎಕ್ಸ್‌ಚೇಂಜ್ ಮಾಡ್ಕೊಳ್ತಾರೆ.

ಸ್ಟೇಟಾ, ಸಿಬಿಎಸ್‌ಇಯಾ?

ಏಳನೇ ತನಕ ಇದಕ್ಕೆ ಮಂಡೆಬಿಸಿ ಬೇಡ. ಟ್ರಾನ್ಸ್‌ಫರ್ ಆಗುವ ಕೆಲಸ ಇದ್ರೆ ಸಿಬಿಎಸ್‌ಇ ಅನುಕೂಲ, ಇಲ್ಲೇ ಇರುವವರಿಗೆ ಯಾವುದಾದ್ರೂ ಆಗ್ತದೆ. ಯಾವ ಬೋರ್ಡಾದ್ರೂ ಕನ್ನಡ ಕಲೀಲೇಬೇಕು, 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಉಂಟು, ಮಸ್ಕತ್ತಿನವರು ಇದನ್ನು ಎರಡು ಸಲ ಓದಿ, ಯಾಕಂದ್ರೆ ನಾಲ್ಕನೇ ಕ್ಲಾಸಿಗೆ ಬಂದು ಕನ್ನಡ ಅಕ್ಷರಮಾಲೆಯಿಂದ ಶುರು ಮಾಡುದು ಮಕ್ಕಳಿಗೆ ಭಾರೀ ಕಷ್ಟ. ಬೋರ್ಡಿಗಿಂತ ಮೊದ್ಲು ಶಾಲೆಗೆ ಆ ಬೋರ್ಡಿನ ಮಾನ್ಯತೆ ನಿಜವಾಗಿ ಉಂಟಾ, ಎಷ್ಟನೇ ಕ್ಲಾಸ್ ತನಕ ಉಂಟು ಅಂತ ಕಾಗದ ನೋಡಿ. ಯು-ಡೈಸ್ ನಂಬರ್ (ಪ್ರತಿ ಶಾಲೆಗೂ ಸರ್ಕಾರ ಕೊಡುವ ಗುರುತಿನ ನಂಬರ್) ಕೇಳಿದ ಕೂಡ್ಲೇ ಕೊಡುವ ಶಾಲೆ ಒಳ್ಳೇದು, "ಆಫೀಸಲ್ಲಿ ಕೇಳಿ" "ನಾಳೆ ಬನ್ನಿ" ಅಂದ್ರೆ ನಾಳೆಯೂ ಹೋಗ್ಬೇಡಿ.

ಮನೇಲಿ ತುಳು ಮಾತಾಡಿದ್ರೆ ಇಂಗ್ಲಿಷ್ ಹಾಳಾಗ್ತದಾ?

ಇದನ್ನು ಕೇಳಿದವರನ್ನು ನಾನು ಕೂರ್ಸಿ ಚಾ ಕೊಟ್ಟು ಬೈತೇನೆ. ನಮ್ಮ ಮನೇಲಿ ತುಳು, ಕೆಳಗಿನ ಫ್ಲಾಟಿನವರು ಕೊಂಕಣಿ, ಸಣ್ಣವನ ಬೆಸ್ಟ್ ಫ್ರೆಂಡಿನ ಮನೇಲಿ ಬ್ಯಾರಿ, ಶಾಲೆ ಗ್ರೌಂಡಲ್ಲಿ ಕನ್ನಡ, ಕ್ಲಾಸಲ್ಲಿ ಇಂಗ್ಲಿಷ್, ಟಿವಿಯಲ್ಲಿ ಹಿಂದಿ. ಏಳು ವರ್ಷದ ಹುಡುಗ ಒಂದೇ ಫೋನ್ ಕಾಲಲ್ಲಿ ಅಜ್ಜಿಗೆ ತುಳು, ಫ್ರೆಂಡಿಗೆ ಕನ್ನಡ, ಫ್ರೆಂಡಿನ ಅಮ್ಮನಿಗೆ ಇಂಗ್ಲಿಷ್ ಅಂತ ಗೇರ್ ಬದ್ಲಾಯಿಸ್ತಾನೆ. ಅಪ್ಪ ಅಮ್ಮ ಬರದ ಇಂಗ್ಲಿಷಲ್ಲಿ ಮಗುವಿನತ್ರ "ಕಮ್ ಪುಟ್ಟ, ಈಟ್ ದೋಸೆ ಫಾಸ್ಟ್" ಅಂತ ಹೇಳುವ ಮನೆಯ ಮಕ್ಕಳಿಗೆ ಎರಡೂ ಅರೆಬರೆ. ಇನ್ನೂ ಒಂದು, ನಮ್ಮ ಜಿಲ್ಲೆಯಲ್ಲಿ ತುಳು, ಕೊಂಕಣಿಯನ್ನು ಮೂರನೇ ಭಾಷೆಯಾಗಿ ಕಲಿಯುವ ಅವಕಾಶ ಉಂಟು, ಎಲ್ಲ ಶಾಲೆಯಲ್ಲಿ ಟೀಚರ್ ಇಲ್ಲ ಅಷ್ಟೆ.

ಬಸ್ಸಾ, ವ್ಯಾನಾ, ನಾವೇ ಬಿಡುದಾ?

ಬೆಳಿಗ್ಗೆ ಎಂಟೂವರೆಗೆ ಮಲ್ಲಿಕಟ್ಟೆಯಿಂದ ಕದ್ರಿ ರೋಡಲ್ಲಿ ಬಂದು ನೋಡಿ, ಒಂದೊಂದು ಕಾರಲ್ಲಿ ಒಂದೊಂದು ಮಗು, ಹಿಂದಿನ ಸೀಟಲ್ಲಿ ಕೂತ್ಕೊಂಡು ಇಡ್ಲಿ ತಿಂತಾ ಇರ್ತದೆ. ನಂತೂರು ದಾಟಿ ಬರುವವರ ಪಾಡು ಕೇಳುದೇ ಬೇಡ. ಮನೆಯಿಂದ ಶಾಲೆಗೆ ಮಗುವಿನ ಕಾಲಿಗೆ ಇಪ್ಪತ್ತು ನಿಮಿಷದ ದಾರಿ ಇದ್ರೆ ಅದೇ ಒಳ್ಳೇ ಶಾಲೆ ಅನ್ನುದು ನನ್ನ ಅಭಿಪ್ರಾಯ, ಮತ್ತೆಲ್ಲ ಆಮೇಲೆ. ನಾವು ನಡ್ಕೊಂಡೇ ಹೋಗುದು. ಆ ಇಪ್ಪತ್ತು ನಿಮಿಷದಲ್ಲಿ ಯಾರು ಯಾರಿಗೆ ಹೊಡೆದ, ಯಾವ ಮಿಸ್ಸಿಗೆ ಮದುವೆ ಫಿಕ್ಸ್ ಆಯ್ತು, ಯಾರ ಅಪ್ಪ ಅಮ್ಮ ಜಗಳ, ಎಲ್ಲ ಗೊತ್ತಾಗ್ತದೆ.

ಬಸ್ಸೇ ಬೇಕು ಅಂದ್ರೆ ಶಾಲೆಯದ್ದೇ ಬಸ್ ಆದ್ರೆ ಉತ್ತಮ. ಹಳದಿ ಬಣ್ಣ, ಸ್ಪೀಡ್ ಗವರ್ನರ್, ಮಕ್ಕಳನ್ನು ಇಳಿಸುವ ಒಬ್ರು ಅಟೆಂಡರ್, ಇದೆಲ್ಲ ಇರ್ಲೇಬೇಕು. ಆಟೋದಲ್ಲಿ ಡ್ರೈವರಿನ ಎರಡು ಬದಿಗೂ ಮಕ್ಕಳನ್ನು ಕೂರ್ಸಿ, ಬ್ಯಾಗ್ ಹೊರಗೆ ನೇತಾಡಿಸಿ ಹೋಗುವವರನ್ನು ನೋಡಿದ್ರೆ ನಂಗೆ ಹೊಟ್ಟೆ ಒಳಗೆ ಕಿವುಚಿದ ಹಾಗೆ ಆಗ್ತದೆ.

ಮಳೆಗಾಲದಲ್ಲಿ ಹೇಗೆ?

ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು, ಅದರಲ್ಲೂ ಮುಕ್ಕಾಲು ಭಾಗ ಶಾಲೆ ಶುರುವಾದ ಮೊದಲ ಮೂರು ತಿಂಗಳಲ್ಲೇ. ಪ್ರಾಸ್ಪೆಕ್ಟಸ್ಸಿನ ಫೋಟೋ ಎಲ್ಲ ಜನವರಿಯಲ್ಲಿ ತೆಗ್ದದ್ದು, ನೀವು ಶಾಲೆ ನೋಡ್ಲಿಕ್ಕೆ ಜುಲೈಯಲ್ಲಿ ಹೋಗಿ. ವರಾಂಡದಲ್ಲಿ ನೀರು ನಿಲ್ತದಾ, ಕೊಡೆ ಇಡ್ಲಿಕ್ಕೆ ಜಾಗ ಉಂಟಾ, ಟಾಯ್ಲೆಟ್ಟಿಗೆ ಹೋಗುವ ದಾರಿಗೆ ಶೀಟ್ ಹಾಕಿದ್ದಾರಾ ನೋಡಿ. ನಮ್ಮ ಶಾಲೆ ವರಾಂಡದಲ್ಲಿ ಒಂದೇ ತರದ ಐವತ್ತು ಕಪ್ಪು ಕೊಡೆ ಸಾಲಾಗಿ ನೇತಾಡ್ತಾ ಇರ್ತದೆ. ನಮ್ಮದ್ರ ಹಿಡಿಗೆ ನಾನು ಕೆಂಪು ನೈಲ್ ಪಾಲಿಶ್ ಹಚ್ಚಿದೆ. ಎರಡು ವಾರದಲ್ಲಿ ನೋಡಿದ್ರೆ ಒಂಬತ್ತು ಕೊಡೆಗೆ ಕೆಂಪು ನೈಲ್ ಪಾಲಿಶ್. ಅಮ್ಮಂದಿರ ತಲೆ ಎಲ್ಲ ಒಂದೇ ರೀತಿ ಓಡ್ತದೆ.

ಯುನಿಫಾರ್ಮ್ ಎರಡು ಜೊತೆ ಸಾಕಾಗುದಿಲ್ಲ, ಮೂರು ಬೇಕು, ಒಂದು ಮೈಮೇಲೆ, ಒಂದು ಚಂಡಿ, ಒಂದು ಅರ್ಧ ಒಣಗಿದ್ದು. ಬೆಳಿಗ್ಗೆ ಏಳು ಗಂಟೆಗೆ ತೇವ ಆರದ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಾಗ ಸುಂಯ್ ಅಂತ ಆವಿ ಎದ್ದು ಮುಗ್ಗಲು ವಾಸನೆ ಬರ್ತದಲ್ಲ, ನಂಗೆ ಜೂನ್ ತಿಂಗಳು ಅಂದ್ರೆ ಆ ವಾಸನೆಯೇ. ಹೆಚ್ಚಿನ ಶಾಲೆಗಳು ಮಳೆಗಾಲಕ್ಕೆ ಶೂ ಬದ್ಲು ಸ್ಯಾಂಡಲ್ ಹಾಕ್ಲಿಕ್ಕೆ ಬಿಡ್ತಾರೆ, ಬಿಡದ ಶಾಲೆಯಾದ್ರೆ ನ್ಯೂಸ್‌ಪೇಪರ್ ಉಂಡೆ ಮಾಡಿ ಶೂ ಒಳಗೆ ತುರುಕಿ ಫ್ರಿಜ್ಜಿನ ಹಿಂದೆ ಇಡಿ, ಬೆಳಿಗ್ಗೆಗೆ ಒಣಗಿರ್ತದೆ.

ಮಳೆ ರಜೆ ಡಿಸಿಯವರು ಹೇಳುದು. ರಾತ್ರಿಯೇ ಹೇಳಿದ್ರೆ ಪುಣ್ಯ, ಕೆಲವು ಸಲ ಬೆಳಿಗ್ಗೆ ಬುತ್ತಿ ಕಟ್ಟಿ ಆದ ಮೇಲೆ ಬರ್ತದೆ. ವಾಟ್ಸಾಪಿನಲ್ಲಿ ಹಳೇ ವರ್ಷದ ಆರ್ಡರಿನ ತಾರೀಕು ಬದ್ಲಾಯಿಸಿ ಕಳಿಸುವ ಮಹಾನುಭಾವರು ಇದ್ದಾರೆ, ಶಾಲೆಯ ಮೆಸೇಜ್ ಬರುವ ತನಕ ನಂಬ್ಬೇಡಿ. ಆ ರಜೆಯನ್ನು ಆಮೇಲೆ ಶನಿವಾರ ಮಧ್ಯಾಹ್ನ ಕ್ಲಾಸ್ ಮಾಡಿ ಸರಿ ಮಾಡ್ತಾರೆ, ಅದು ಪುಕ್ಕಟೆ ಅಲ್ಲ.

ಎರಡು ವರ್ಷದ ಹಿಂದೆ ಒಂದು ದಿನ ಮಳೆ ಜೋರಾಗಿ ಹನ್ನೊಂದು ಗಂಟೆಗೆ ಶಾಲೆ ಬಿಟ್ರು. ಆ್ಯಪಲ್ಲಿ ಮೆಸೇಜ್ ಹಾಕಿದ್ರು, ಫೋನ್ ಮಾಡ್ಲಿಲ್ಲ. ನಾನು ಆಗ ಕೆಲಸಕ್ಕೆ ಹೋಗ್ತಿದ್ದೆ, ಮೀಟಿಂಗಲ್ಲಿ ಫೋನ್ ಸೈಲೆಂಟ್. ನೋಡುವಾಗ ಒಂದೂಕಾಲು. ಓಡಿ ಹೋಗಿ ನೋಡಿದ್ರೆ ಗೇಟಿನ ಹತ್ರ ವಾಚ್‌ಮನ್ನರ ಸಣ್ಣ ರೂಮಲ್ಲಿ ನಮ್ಮ ದೊಡ್ಡವ ಸ್ಟೂಲಲ್ಲಿ ಕೂತಿದ್ದಾನೆ, ಎದುರು ಸ್ಟೀಲ್ ತಟ್ಟೆಯಲ್ಲಿ ಬಿಸಿ ಗಂಜಿ, ಮಿಡಿ ಉಪ್ಪಿನಕಾಯಿ, ಬದಿಯಲ್ಲಿ ಒಂದು ಸುಟ್ಟ ಒಣಮೀನು. ವಾಚ್‌ಮನ್ನರು ತಮ್ಮ ಊಟದಲ್ಲಿ ಅರ್ಧ ಕೊಟ್ಟದ್ದು. ನನ್ನನ್ನು ಕಂಡು ಇವ "ಅಮ್ಮ, ಐದು ನಿಮಿಷ ನಿಲ್ಲು" ಅಂದ. ಶಾಲೆಯವರತ್ರ ನಾನು ಜೋರು ಜಗಳ ಮಾಡಿದೆ, ಅವರೂ ತಪ್ಪು ಒಪ್ಕೊಂಡ್ರು, ಈಗ ಪ್ರತಿ ಮಗುವಿನ ಮನೆಗೂ ಫೋನ್ ಹೋಗದೆ ಬಿಡುದಿಲ್ಲ. ಅಡ್ಮಿಷನ್ ಮಾಡುವಾಗಲೇ ಕೇಳಿ: ಮಧ್ಯದಲ್ಲಿ ಶಾಲೆ ಬಿಟ್ರೆ ಯಾರಿಗೆ ಹೇಗೆ ತಿಳಿಸ್ತೀರಿ, ಬರ್ಲಿಕ್ಕೆ ತಡ ಆದ ಮಗುವನ್ನು ಯಾರು ನೋಡ್ಕೊಳ್ತಾರೆ. ಉತ್ತರದಲ್ಲೇ ಶಾಲೆ ಎಂಥದ್ದು ಅಂತ ಗೊತ್ತಾಗ್ತದೆ.

ಬುತ್ತಿಗೆ ಎಂತ ಹಾಕುದು? ಮೀನು ಬಿಡ್ತಾರಾ?

ಶಾಲೆ ಶಾಲೆಗೆ ಬೇರೆ. ಕೆಲವು ಕಡೆ ಸಸ್ಯಾಹಾರ ಮಾತ್ರ, ನಮ್ಮಲ್ಲಿ ಹಾಗೆ ಏನಿಲ್ಲ, ಆದ್ರೆ ಬಂಗುಡೆ ಸಾರು ಮುಚ್ಚಳದಿಂದ ಸೋರಿ ಪಕ್ಕದವನ ಸೋಶಿಯಲ್ ಬುಕ್ಕಿಗೆ ಇಳಿದ ದಿನದಿಂದ ಸಾರು ಬೇಡ, ಒಣ ಪಲ್ಯದ ಹಾಗಿದ್ದದ್ದು ಮಾತ್ರ ಅಂತ ಆಗಿದೆ (ಅದು ನಮ್ಮ ಮನೆಯ ಬಂಗುಡೆ ಅಂತ ಇಲ್ಲಿ ಬೇರೆ ಹೇಳ್ಬೇಕಾ). ನೀರ್ ದೋಸೆ ಬುತ್ತಿಗೆ ಆಗುದಿಲ್ಲ, ಮಧ್ಯಾಹ್ನಕ್ಕೆ ಎಲ್ಲ ಒಂದಕ್ಕೊಂದು ಅಂಟಿ ಕರ್ಚೀಫಿನ ಹಾಗೆ ಆಗ್ತದೆ. ಬನ್ಸ್ ಆಗ್ತದೆ, ಸಜ್ಜಿಗೆ ಬಜಿಲ್ ಆಗ್ತದೆ, ಶಾವಿಗೆಗೆ ಒಗ್ಗರಣೆ ಹಾಕಿ ಕೊಟ್ರೆ ಖಾಲಿ. ಎರಡನೇ ಕ್ಲಾಸಲ್ಲಿ ಒಂದು ಸಜ್ಜಿಗೆ ಬಜಿಲಿಗೆ ಎರಡು ಚೀಸ್ ಸ್ಯಾಂಡ್‌ವಿಚ್ ರೇಟ್ ಉಂಟು ಅಂತ ಸಣ್ಣವ ಹೇಳಿದ್ದು. ಬಿಜಿನೆಸ್ ಮಾಡುವ ಮನೆತನದ ಮಕ್ಕಳ ಮಧ್ಯೆ ಬೆಳೆದದ್ದಕ್ಕೆ ಅಷ್ಟಾದ್ರೂ ಕಲೀದೆ ಇರ್ತಾನಾ.

ಶ್ರೀಮಂತರ ಮಕ್ಕಳ ಮಧ್ಯೆ ನಮ್ಮ ಮಗ ಕೀಳರಿಮೆ ಪಡ್ತಾನಾ?

ಇದು ಎಲ್ರೂ ಕೊನೆಗೆ, ದನಿ ತಗ್ಗಿಸಿ ಕೇಳುವ ಪ್ರಶ್ನೆ. ನಾವು ಎರಡು ರೂಮಿನ ಹಳೇ ಫ್ಲಾಟಿನವರು, ಒಂದು ಸ್ಕೂಟರ್, ಒಂದು ಹಳೇ ಆಲ್ಟೊ. ಮೂರನೇ ಕ್ಲಾಸಲ್ಲಿ ದೊಡ್ಡವ ಒಂದು ಬರ್ತ್‌ಡೇ ಪಾರ್ಟಿಗೆ ಹೋಗಿ ಬಂದ, ಹೋಟೆಲಿನ ಹಾಲಲ್ಲಿ, ಮ್ಯಾಜಿಕ್ ಶೋ, ರಿಟರ್ನ್ ಗಿಫ್ಟಾಗಿ ರಿಮೋಟ್ ಕಾರು. ರಾತ್ರಿ ಮಲಗುವಾಗ "ನಮ್ಮ ಕಾರು ಯಾಕಮ್ಮ ಅಷ್ಟು ಸಣ್ಣ" ಅಂತ ಕೇಳಿದ. ನಾನು ಉಪದೇಶ ಮಾಡ್ಲಿಕ್ಕೆ ಬಾಯಿ ತೆಗೆಯುವಷ್ಟರಲ್ಲಿ ಅಪ್ಪ ಹೇಳಿದ್ರು, "ದೊಡ್ಡ ಕಾರು ನಮ್ಮ ಗಲ್ಲಿಯಲ್ಲಿ ತಿರುಗುದಿಲ್ಲ ಮಗಾ". ಅವನಿಗೆ ಅದು ಸರಿ ಅನ್ಸಿತು, ಮಲಗಿದ. ಮುಂದಿನ ತಿಂಗಳು ಇವನ ಬರ್ತ್‌ಡೇಗೆ ಆರು ಹುಡುಗರನ್ನು ಮನೆಗೆ ಕರೆದೆವು, ಟೆರೇಸಲ್ಲಿ ಕ್ರಿಕೆಟ್, ಗೋಳಿಬಜೆ, ಪಾಯಸ. ಆ ದೊಡ್ಡ ಮನೆಯ ಹುಡುಗ ಹನ್ನೊಂದು ಗೋಳಿಬಜೆ ತಿಂದು, ಅವನ ಡ್ರೈವರ್ ಬಂದು ಹಾರ್ನ್ ಹಾಕಿದ್ರೂ ಹೋಗ್ಲಿಕ್ಕೆ ಕೇಳ್ಲಿಲ್ಲ.

ಆದ್ರೂ ಸುಳ್ಳು ಹೇಳುದಿಲ್ಲ, ಹೋಲಿಕೆ ಇರ್ತದೆ. ಸಾಲ ಮಾಡಿ ಫೀಸ್ ಕಟ್ಟಿ, ಆಮೇಲೆ ಬರ್ತ್‌ಡೇಗೂ ಸಾಲ ಮಾಡುವ ಪೇರೆಂಟ್ಸ್ ಇದ್ದಾರೆ. ಫೀಸ್ ಕಟ್ಲಿಕ್ಕೇ ಕಷ್ಟ ಆಗ್ತದೆ ಅಂತಾದ್ರೆ ಈ ಏರಿಯಾ ಬೇಡ. ಅನುದಾನಿತ ಶಾಲೆಗಳಲ್ಲಿ ನಮ್ಮ ಊರಲ್ಲಿ ಒಳ್ಳೊಳ್ಳೇದು ಉಂಟು, ಹೋಗಿ ನೋಡಿ.

ಹೋಂವರ್ಕ್? ಬ್ಯಾಗಿನ ಭಾರ?

ಒಂದು, ಎರಡನೇಗೆ ಹೋಂವರ್ಕ್ ಕೊಡ್ಬಾರ್ದು, ಬ್ಯಾಗ್ ಎರಡು ಕೆಜಿ ದಾಟ್ಬಾರ್ದು ಅಂತ 2019ರ ಸರ್ಕಾರಿ ಸುತ್ತೋಲೆ ಉಂಟು. ಮೂರರಿಂದ ಐದಕ್ಕೆ ಮೂರು ಕೆಜಿ ತನಕ, ಆರರಿಂದ ಎಂಟಕ್ಕೆ ನಾಲ್ಕು. ನಾನು ಬಾತ್ರೂಮಿನ ತೂಕದ ಮಷೀನಲ್ಲಿ ಇಟ್ಟು ನೋಡಿದೆ, ದೊಡ್ಡವನದ್ದು ಆರೂವರೆ. ತೆಗೆದು ನೋಡಿದ್ರೆ ಬುಕ್ಕಿನದ್ದು ಸರಿಯಾಗೇ ಇತ್ತು, ಉಳಿದದ್ದೆಲ್ಲ ಕಲ್ಲು, ಎರಡು ಕ್ರಿಕೆಟ್ ಬಾಲು, ಮುರಿದ ಕೊಡೆಯ ಕಡ್ಡಿ. ಶಾಲೆಯವರನ್ನು ಬೈಯುವ ಮೊದ್ಲು ಬ್ಯಾಗ್ ಒಂದ್ಸಲ ಕೊಡವಿ.

ಹೊಡೀತಾರಾ? ಸೇಫಾ?

ಹೊಡೆಯುವ ಹಾಗೆ ಇಲ್ಲ, ಮೈಗೆ ಶಿಕ್ಷೆ ಕೊಡುದೂ, ಮನಸ್ಸಿಗೆ ನೋವಾಗುವ ಹಾಗೆ ಮಾಡುದೂ ಕಾನೂನಲ್ಲಿ ನಿಷೇಧ. "ಹುಡುಗರಲ್ವಾ, ಎರಡು ಬಿದ್ರೆ ಸರಿ ಆಗ್ತಾರೆ" ಅನ್ನುವ ಅಜ್ಜಂದಿರಿಗೆ ಇದನ್ನು ಓದಿ ಹೇಳಿ. ಇನ್ನೊಂದು ಮಾತು, ಗಂಡುಮಕ್ಕಳ ಮನೆಯವರು ಲಕ್ಷ್ಯ ಕೊಡದ್ದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಹುಡುಗರಿಗೂ ಅಷ್ಟೇ ಅನ್ವಯ ಆಗ್ತದೆ. "ನಮ್ಗೆ ಹುಡುಗ, ಟೆನ್ಷನ್ ಇಲ್ಲ" ಅನ್ನುದು ತಪ್ಪು. ಯಾರು ಎಲ್ಲಿ ಮುಟ್ಬಾರ್ದು, ಮುಟ್ಟಿದ್ರೆ ಯಾರಿಗೆ ಹೇಳ್ಬೇಕು ಅಂತ ನಾಲ್ಕು ವರ್ಷಕ್ಕೇ ಹೇಳ್ಕೊಡಿ, 1098 ಮಕ್ಕಳ ಸಹಾಯವಾಣಿ ನಂಬರ್ ಬಾಯಿಪಾಠ ಮಾಡ್ಸಿ. ವ್ಯಾನ್ ಡ್ರೈವರ್, ಸ್ವಿಮ್ಮಿಂಗ್ ಕೋಚ್, ಅಟೆಂಡರ್ ಎಲ್ರ ಪೊಲೀಸ್ ವೆರಿಫಿಕೇಶನ್ ಆಗಿದ್ಯಾ ಅಂತ ಕೇಳುದಕ್ಕೆ ಸಂಕೋಚ ಬೇಡ.

ಆಟ, ಟ್ರಿಪ್ಪು, ರಜೆ ಎಲ್ಲ ಹೇಗೆ?

ಈ ಏರಿಯಾದ ಶಾಲೆಗಳಿಗೆ ಗ್ರೌಂಡ್ ಅಂದ್ರೆ ಕೆಲವಕ್ಕೆ ಇಂಟರ್‌ಲಾಕ್ ಹಾಕಿದ ಕಾರ್ ಪಾರ್ಕಿಂಗ್. ಮಣ್ಣು ಉಂಟಾ ನೋಡಿ. ನಮ್ಮವರನ್ನು ಫುಟ್ಬಾಲಿಗೆ ನೆಹರೂ ಮೈದಾನಕ್ಕೆ ಕರ್ಕೊಂಡು ಹೋಗ್ತಾರೆ. ಶನಿವಾರ ಯಕ್ಷಗಾನ ಕ್ಲಾಸ್ ಉಂಟು, ಚೆಂಡೆ ಶಬ್ದ ಕೇಳಿದ್ರೆ ಸಣ್ಣವ ಅನ್ನ ಬಿಟ್ಟು ಏಳ್ತಾನೆ. ಟ್ರಿಪ್ಪಂದ್ರೆ ಪಿಲಿಕುಳ, ಅಲ್ಲಿ 2018ರಲ್ಲಿ ಶುರುವಾದ ತಾರಾಲಯ ಇದ್ದದ್ರಿಂದ ದುಡ್ಡಿಗೆ ಮೋಸ ಇಲ್ಲ. ಕದ್ರಿ ದೇವಸ್ಥಾನದ ಲೋಕೇಶ್ವರನ ಕಂಚಿನ ಮೂರ್ತಿ 968ನೇ ಇಸವಿಯದ್ದು, ಸಾವಿರ ವರ್ಷದ ಮೇಲಾಯ್ತು, ಶಾಲೆಯಿಂದ ನಡೆದು ಹೋಗುವಷ್ಟು ದೂರ, ಅದನ್ನು ತೋರ್ಸಿದ ಟೀಚರ್ ಮಾತ್ರ ಇದುವರೆಗೆ ಒಬ್ರೂ ಇಲ್ಲ. ನಾನೇ ಕರ್ಕೊಂಡು ಹೋದೆ. ರಜೆ ವಿಷಯ ಮೊದ್ಲೇ ಕೇಳಿ, ಕೆಲವು ಶಾಲೆಗಳು ದಸರಾ ರಜೆ ಕಮ್ಮಿ ಮಾಡಿ ಕ್ರಿಸ್‌ಮಸ್ಸಿಗೆ ಜಾಸ್ತಿ ಕೊಡ್ತಾರೆ, ನವರಾತ್ರಿಯಲ್ಲಿ ಹುಲಿವೇಷದ ತಾಸೆ ಶಬ್ದ ಬೀದಿಯಲ್ಲಿ ಕೇಳುವಾಗ ಕ್ಲಾಸಲ್ಲಿ ಕೂತ ಹುಡುಗರ ಕಾಲು ಡೆಸ್ಕಿನ ಅಡಿಯಲ್ಲೇ ಕುಣೀತಾ ಇರ್ತದೆ ಅಂತ ಮಿಸ್ಸೇ ಹೇಳಿದ್ರು.

ಮೂರುವರೆಗೆ ಬಿಟ್ರೆ, ಇಬ್ರೂ ಕೆಲಸಕ್ಕೆ ಹೋಗುವವರು ಎಂತ ಮಾಡುದು?

ನನ್ನತ್ರ ಕೇಳಿದ್ರೆ ಇದನ್ನೇ ಮೊದ್ಲು ಕೇಳ್ಬೇಕಿತ್ತು. ಡೇ ಸ್ಕೂಲ್ ಅಂದ್ರೆ ಅರ್ಧ ಶಾಲೆ ಮನೇಲೇ. ಅಷ್ಟು ದುಡ್ಡು ಕೊಟ್ಟು ಮೂರುವರೆಯಿಂದ ಏಳೂವರೆ ತನಕ ಮಗುವನ್ನು ಅಬಾಕಸ್, ಕರಾಟೆ, ಕೀಬೋರ್ಡ್ ಅಂತ ಕಾರಲ್ಲಿ ಸುತ್ತಿಸುವವರು ಇದ್ದಾರೆ, ಅವರಿಗೆ ಹಾಸ್ಟೆಲೇ ಸರಿ ಅಂತ ನಾನು ಮುಖಕ್ಕೇ ಹೇಳಿ ಬೈಸ್ಕೊಂಡಿದ್ದೇನೆ. ಅಜ್ಜ ಅಜ್ಜಿ ಹತ್ರ ಇದ್ರೆ ಅದೃಷ್ಟ. ನಮ್ಮ ಗೇಟಿಗೆ ಒಬ್ರು ಅಜ್ಜ ದಿನಾ ಮೂರಕ್ಕೇ ಬಂದು ಧೂಪದ ಮರದ ಅಡಿಯಲ್ಲಿ ಸ್ಕೂಟರ್ ನಿಲ್ಲಿಸಿ ಪೇಪರ್ ಓದ್ತಾರೆ, ಮೊಮ್ಮಗ ಬಂದ ಕೂಡ್ಲೇ ಪೇಪರ್ ಮಡಚಿ ಅವನ ಬ್ಯಾಗಿನ ಒಳಗೇ ತುರುಕ್ತಾರೆ. ಅಜ್ಜ ಇಲ್ಲದವರು ಪಕ್ಕದ ಮನೆಯವರ ಜೊತೆ ಸರದಿ ಮಾಡ್ಕೊಳ್ಳಿ, ಮೂರು ಮನೆಯವರು ಸೇರಿದ್ರೆ ವಾರಕ್ಕೆ ಎರಡೇ ದಿನ ಬೇಗ ಬಂದ್ರೆ ಸಾಕು. ಡೇ ಕೇರ್ ಇಡುವುದಾದ್ರೆ ಶಾಲೆಯ ಹತ್ರದ್ದಲ್ಲ, ಮನೆಯ ಹತ್ರದ್ದು ನೋಡಿ.

ನಾನು ಆ ಗಂಜಿಯ ದಿನದ ನಂತರ ಪಾರ್ಟ್ ಟೈಮ್ ಮಾಡ್ಕೊಂಡೆ. ಎಲ್ರಿಗೂ ಆಗುವ ಮಾತಲ್ಲ, ಸಂಬಳ ಅರ್ಧ ಆಯ್ತು, ನಮ್ಮವರು ಎರಡು ತಿಂಗಳು ಮುಖ ಊದಿಸ್ಕೊಂಡಿದ್ರು.

ಏಳನೇ ಆದ ಮೇಲೆ?

ಬೇರೆ ಶಾಲೆ ಹುಡುಕ್ಬೇಕು. ಟಿಸಿ ತಗೊಳ್ಳುವಾಗ ಸ್ಯಾಟ್ಸ್ ನಂಬರ್ (ಸರ್ಕಾರದ ದಾಖಲೆಯಲ್ಲಿ ಮಗುವಿನ ಗುರುತಿನ ನಂಬರ್), ಹೆಸರಿನ ಸ್ಪೆಲಿಂಗ್, ಹುಟ್ಟಿದ ತಾರೀಕು ಆಧಾರಿಗೆ ಸರಿಯಾಗಿ ಉಂಟಾ ಅಂತ ಅಲ್ಲೇ ನಿಂತು ನೋಡಿ, ಆಮೇಲೆ ತಿದ್ದುಪಡಿಗೆ ಅಲೆಯುದು ಬೇಡ. ದೊಡ್ಡವನಿಗೆ ಇನ್ನು ಒಂದು ವರ್ಷ ಉಂಟು, ನಮ್ಮ ಹುಡುಕಾಟ ಶುರುವಾಗಿದೆ, ಈ ಸಲ ಹುಡುಗಿಯರೂ ಇರುವ ಶಾಲೆ ಅಂತ ನಾನು, ಗ್ರೌಂಡ್ ಇರುವ ಶಾಲೆ ಅಂತ ಅವ, ಅಪ್ಪ ಇನ್ನೂ ಬಾಯಿ ಬಿಟ್ಟಿಲ್ಲ.

ಮತ್ತೂ ಡೌಟ್ ಇದ್ರೆ ಫೋನ್ ಮಾಡಿ, ಆದ್ರೆ ಮೂರುಕಾಲಿಂದ ನಾಲ್ಕೂವರೆ ತನಕ ಮಾಡ್ಬೇಡಿ, ಆ ಹೊತ್ತಿಗೆ ನಾನು ದಾರಿಯಲ್ಲಿ ಇರ್ತೇನೆ, ಎತ್ತುದಿಲ್ಲ.